ಡಾರ್ನಿಯರ್ 228 ಮಾದರಿ: ಕೆಲಸ ರೇಡಾರ್‌ವರೆಗೆ ಬಂದಿದೆ

ದಾವಣಗೆರೆಯ ಬೋರ್ಡ್ ಅಂಗಡಿಯೊಂದರಲ್ಲಿ ಉಳಿದುಹೋಗಿದ್ದ ಸನ್‌ಬೋರ್ಡ್ ತುಂಡುಗಳಿಂದ 1:48 ಅಳತೆಯಲ್ಲಿ ಕಟ್ಟುತ್ತಿರುವ ಡಾರ್ನಿಯರ್ 228 ವಿಮಾನದ ಒಡಲು ಈ ವಾರ ಪೂರ್ಣಗೊಂಡಿದೆ. ಮೂಲ ವಿಮಾನದ ರೆಕ್ಕೆಗಳ ಹರವು 16.97 ಮೀಟರ್, ಉದ್ದ 16.56 ಮೀಟರ್ ಇರುವುದರಿಂದ ಮಾದರಿಯೂ ಎರಡೂ ಕಡೆ 35 ಸೆಂಟಿಮೀಟರಿನ ಆಸುಪಾಸಿನಲ್ಲಿದೆ. ಒಳಗೆ ಗಾಳಿಯ ಒತ್ತಡವನ್ನು ಕಾಪಾಡಬೇಕಾದ ವಿಮಾನ ಇದಲ್ಲ. ಹಾಗಾಗಿ ವಿನ್ಯಾಸಕಾರರು ದುಂಡನೆಯ ಕೊಳವೆಯ ಗೊಡವೆಗೆ ಹೋಗದೆ, 19 ಮಂದಿಯನ್ನಾಗಲಿ ಸರಕನ್ನಾಗಲಿ ಸಲೀಸಾಗಿ ತುಂಬಬಹುದಾದ ಚೌಕ ಒಡಲನ್ನೇ ಕೊಟ್ಟರು. ಹಾಳೆ ಕತ್ತರಿಸಿ ಅಂಟಿಸುವವನಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ.

ರೆಕ್ಕೆಯ ವಿಷಯ ಬೇರೆ. ತುದಿಯಲ್ಲಿ ಹಿಂದಕ್ಕೆ ಓರೆಯಾಗಿ ಚೂಪಾಗುವ ಅದರ ಆಕಾರವನ್ನು ಬಾಲ್ಸಾ ಮರದಲ್ಲಿ ಎಮರಿ ಪೇಪರಿನಿಂದ ಉಜ್ಜಿ ಉಜ್ಜಿಯೇ ತರಬೇಕಾಯಿತು.

ಜರ್ಮನಿಯಲ್ಲಿ 1981ರಲ್ಲಿ ಮೊದಲು ಹಾರಿದ ಈ ವಿಮಾನವನ್ನು ಎಚ್‌ಎಎಲ್ ತನ್ನ ಕಾನ್ಪುರ ಘಟಕದಲ್ಲಿ ಪರವಾನಗಿ ಪಡೆದು ತಯಾರಿಸುತ್ತ ಬಂದಿದೆ. ವಾಯುಪಡೆಯಲ್ಲಿ ಜನರನ್ನೂ ಸರಕನ್ನೂ ಸಾಗಿಸುವ ಇದೇ ವಿಮಾನ ನೌಕಾಪಡೆ ಮತ್ತು ಕರಾವಳಿ ಕಾವಲು ಪಡೆಯಲ್ಲಿ ಸಮುದ್ರದ ಕಾವಲಿಗೆ ನಿಲ್ಲುತ್ತದೆ. ರೆಕ್ಕೆ ಒಡಲಿನ ಮೇಲಿರುವುದರಿಂದ ಕಿಟಕಿಯಲ್ಲಿ ಕುಳಿತವರಿಗೆ ಕೆಳಗಿನ ನೀರು ಅಡ್ಡಿಯಿಲ್ಲದೆ ಕಾಣುತ್ತದೆ. ಎರಡು ಟರ್ಬೊಪ್ರಾಪ್ ಎಂಜಿನ್‌ಗಳಿರುವುದರಿಂದ ದಡ ಕಾಣದಷ್ಟು ದೂರ ಹೋದಾಗಲೂ ಒಂದು ಕೈಕೊಟ್ಟರೆ ಇನ್ನೊಂದು ಇದ್ದೇ ಇರುತ್ತದೆ. ಅರಬ್ಬಿ ಸಮುದ್ರದ ಮೇಲೆ ಮಹಿಳಾ ಅಧಿಕಾರಿಗಳೇ ನಡೆಸಿದ ನೌಕಾಪಡೆಯ ಮೊದಲ ಸ್ವತಂತ್ರ ಕಾವಲು ಹಾರಾಟ, 2022ರ ಆಗಸ್ಟ್ 3ರಂದು ಪೋರ್‌ಬಂದರಿನಿಂದ ಹೊರಟದ್ದು, ಡಾರ್ನಿಯರಿನಲ್ಲೇ. ನನ್ನ ಮಾದರಿಗೂ ನೌಕಾಪಡೆಯ ರೂಪವನ್ನೇ ಆರಿಸಿಕೊಂಡಿದ್ದೇನೆ.

ಆ ರೂಪಕ್ಕೆ ಗುರುತು ಕೊಡುವುದು ಹೊಟ್ಟೆಯ ಕೆಳಗಿನ ರೇಡಾರ್ ಗುಮ್ಮಟ. ಸುತ್ತ ಎಲ್ಲ ದಿಕ್ಕಿಗೂ ನೋಡಬೇಕಾದ ಆಂಟೆನಾ ಅದರೊಳಗೆ ತಿರುಗುತ್ತದೆ. ಮಾತ್ರೆ ಡಬ್ಬಿಯ ಮುಚ್ಚಳದ ಅಂಚನ್ನು ಅರದಿಂದ ದುಂಡು ಮಾಡಿ, ಗೀರುಗಳಿಗೆ ಪುಟ್ಟಿ ತುಂಬಿದ್ದೇನೆ. ಒಡಲು ನೆಲಕ್ಕೆ ತೀರಾ ಹತ್ತಿರವಿರುವ ಕಾರಣ, ಮೊದಲು ಚಕ್ರಗಳನ್ನು ಕೂರಿಸಿ, ಉಳಿಯುವ ಸಂದನ್ನು ಅಳೆದ ಮೇಲೆಯೇ ಮುಚ್ಚಳವನ್ನು ತಕ್ಕಷ್ಟು ಗಿಡ್ಡ ಮಾಡಿದೆ.

ಇನ್ನುಳಿದದ್ದು ಪ್ರೊಪೆಲರ್. ಹೊಸ ಡಾರ್ನಿಯರ್‌ಗಳಿಗೆ ಐದು ಅಲಗುಗಳಿವೆಯಾದರೂ, ಹಳೆಯ ನಾಲ್ಕು ಅಲಗಿನದೇ ನನ್ನ ಕಣ್ಣಿಗೆ ಚೆಂದ. ತೆಳು ಪ್ಲಾಸ್ಟಿಕ್ ಹಾಳೆಯಲ್ಲಿ ಅವನ್ನು ಕತ್ತರಿಸಿದ ಬಳಿಕ ಪ್ರೈಮರ್, ಆಮೇಲೆ ತಿಳಿಬೂದು ಬಣ್ಣ.