ಸೆಲೆಕ್ಟ್ ಆಗಿದೆ ಅಂದಿದ್ದೆ, ಸಹಿ ಆಗಿರಲಿಲ್ಲ

ಅಲಾಸ್ಕಾದ ಹಳ್ಳಿಗಳಲ್ಲಿ ತರಕಾರಿ ಬೆಳೆಯುವವರಿಗೆ ಸರ್ಕಾರದ ಯೋಜನೆ ಹುಡುಕಿಕೊಟ್ಟು, ಅರ್ಜಿ ತುಂಬಿಸಿ, ಹಣ ಕೈಗೆ ಬರುವವರೆಗೆ ಬೆನ್ನು ಹತ್ತುವುದು ನನ್ನ ಕೆಲಸ. ಯೋಜನೆಗಳಿಗೇನೂ ಕೊರತೆ ಇಲ್ಲ. ಸಣ್ಣ ಸಾಲ ಬೇಕಾದರೆ ಅಮೆರಿಕದ ಕೃಷಿ ಇಲಾಖೆಯಲ್ಲಿ ರೈತರಿಗೆ ಸಾಲ ಕೊಡುವ ಎಫ್‌ಎಸ್‌ಎ ಕಚೇರಿಯ ಮೈಕ್ರೋಲೋನ್ ಇದೆ, 50,000 ಡಾಲರ್‌ವರೆಗೆ. ಹೈ ಟನಲ್, ಅಂದರೆ ಕಬ್ಬಿಣದ ಕಮಾನುಗಳ ಮೇಲೆ ಪ್ಲಾಸ್ಟಿಕ್ ಹೊದಿಸಿದ ಹಸಿರುಮನೆ ಬೇಕಾದರೆ ಅದೇ ಇಲಾಖೆಯ ಮಣ್ಣು-ನೀರು ಸಂರಕ್ಷಣೆ ನೋಡಿಕೊಳ್ಳುವ ಎನ್‌ಆರ್‌ಸಿಎಸ್‌ನ ಇಕ್ವಿಪ್ ಅನ್ನೋ ಸಹಾಯಧನ ಯೋಜನೆ, ಆದರೆ ಅದಕ್ಕೂ ಮೊದಲು ಎಫ್‌ಎಸ್‌ಎಯಿಂದ ಫಾರ್ಮ್ ನಂಬರ್ ಮಾಡಿಸಿಕೊಳ್ಳಬೇಕು. ರಸ್ತೆಯೇ ಇಲ್ಲದ ಊರಿನವರು ಇದಕ್ಕೆಲ್ಲ ವಿಮಾನ ಹತ್ತಿ ಓಡಾಡೋಕೆ ಆಗಲ್ಲ ಅಲ್ವಾ, ಹಾಗಾಗಿ ಎಲ್ಲವೂ ಫೋನಿನಲ್ಲೇ.

ಕುಸ್ಕೊಕ್ವಿಮ್ ನದಿಯ ದಂಡೆಯ ಒಂದು ಹಳ್ಳಿಯ ಹೆಂಗಸಿಗೆ 325, ಅಂದರೆ ಇಕ್ವಿಪ್‌ನಲ್ಲಿ ಹೈ ಟನಲ್‌ನ ಕೋಡ್, ಹಾಕಿಸಿದ್ದೆ. ಅರ್ಜಿಯ ಫಾರ್ಮ್ 1200 ಆಯ್ತು, ಜಮೀನಿನ ಸಂರಕ್ಷಣೆ ನಿಯಮ ಪಾಲಿಸುತ್ತೇವೆ ಅನ್ನೋ ಎಡಿ-1026 ಆಯ್ತು, ಅರ್ಜಿಗಳ ರ‍್ಯಾಂಕಿಂಗ್ ಕೂಡ ಚೆನ್ನಾಗಿ ಬಂತು. ಸೆಲೆಕ್ಟ್ ಆಗಿದೆ ಅಂತ ಮೇಲ್ ಬಂದ ದಿನ ನಮ್ಮ ಟ್ರ್ಯಾಕರ್‌ನಲ್ಲಿ ಹಸಿರು ಟಿಕ್ ಹಾಕಿ ಖುಷಿಯಾಗಿ ಮನೆಗೆ ಹೋದೆ.

ವಾರದ ನಂತರ ಅವರ ಫೋನ್. ಮೇ ತಿಂಗಳಲ್ಲಿ ನದಿಯ ಮಂಜುಗಡ್ಡೆ ಒಡೆದ ಮೇಲೆ ಬರುವ ಬಾರ್ಜ್ ಅನ್ನೋ ಸರಕಿನ ದೋಣಿಯಲ್ಲೇ ಟನಲ್‌ನ ಕಿಟ್ ಬರಬೇಕು, ಅಷ್ಟು ಕಬ್ಬಿಣವನ್ನು ವಿಮಾನದಲ್ಲಿ ತರಿಸಿದರೆ ಬಾಡಿಗೆಯೇ ಕಿಟ್‌ಗಿಂತ ಜಾಸ್ತಿ ಆದೀತು, ಬುಕಿಂಗ್ ಮುಗಿಯುತ್ತಾ ಬಂದಿದೆ, ಆರ್ಡರ್ ಮಾಡಲಾ ಅಂತ ಕೇಳಿದರು. ನಾನು ಒಂದು ಕ್ಷಣವೂ ಯೋಚಿಸಲಿಲ್ಲ. ‘ಮಾಡಿ, ಸೆಲೆಕ್ಟ್ ಆಗಿದೆಯಲ್ಲ’ ಅಂದೆ. 1202, ಅಂದರೆ ಕಾಂಟ್ರಾಕ್ಟ್ ಫಾರ್ಮಿನ ಸಹಿ ಸುಮ್ನೆ ಒಂದು ಶಾಸ್ತ್ರ, ತಾನಾಗಿಯೇ ಬರುತ್ತೆ ಅಂದುಕೊಂಡಿದ್ದೆ.

ಜೂನ್‌ನಲ್ಲಿ ಎನ್‌ಆರ್‌ಸಿಎಸ್‌ನ ಪ್ಲಾನರ್, ಆ ಹೆಂಗಸು, ನಾನು ಮೂವರೂ ಒಂದೇ ಕಾಲ್‌ನಲ್ಲಿದ್ದೆವು. ಪ್ಲಾನರ್ ಮಾಮೂಲಿ ದನಿಯಲ್ಲಿ ಕೇಳಿದರು: ‘ಕೆಲಸ ಏನೂ ಶುರು ಮಾಡಿಲ್ಲ ತಾನೇ?’

ನನ್ನ ಸ್ಕ್ರೀನ್ ಮೇಲೆ ಹಿಂದಿನ ದಿನ ಆ ಹೆಂಗಸೇ ಕಳಿಸಿದ ಫೋಟೋ ತೆರೆದಿತ್ತು. ಕಮಾನುಗಳು ಸಾಲಾಗಿ ನಿಂತಿವೆ, ಒಂದರ ಮೇಲೆ ಅವರ ಮಗ ಬೋಲ್ಟ್ ಬಿಗಿಯುತ್ತಿದ್ದಾನೆ, ಕೆಳಗೆ ನಾಯಿ ಮಲಗಿದೆ. ಯಾರೂ ಮಾತಾಡಲಿಲ್ಲ. ಲೈನಿನಲ್ಲಿ ಆ ಹೆಂಗಸು ಉಸಿರಾಡುವುದು ಕೇಳಿಸುತ್ತಿತ್ತು, ನಾನು ಏನಾದರೂ ಹೇಳಲಿ ಅಂತ ಕಾಯುತ್ತಿದ್ದರು. ಪ್ಲಾನರ್‌ಗೆ ಇದೆಲ್ಲ ಕಾಣಲ್ಲ, ಇಲ್ಲ ಅಂದುಬಿಡೋಣ ಅಂತ ಒಂದು ಯೋಚನೆ ಬಂತು, ಸುಳ್ಳು ಹೇಳುವುದಿಲ್ಲ. ಆಮೇಲೆ ‘ಕಮಾನುಗಳು ಆಗಲೇ ಎದ್ದು ನಿಂತಿವೆ. ಮಾಡಿ ಅಂತ ನಾನೇ ಹೇಳಿದ್ದು’ ಅಂದೆ.

ಅಷ್ಟೇ, ಮುಗಿಯಿತು. ಕಾಂಟ್ರಾಕ್ಟ್‌ಗೆ ಸಹಿ ಆಗುವ ಮೊದಲು ಶುರುವಾದ ಕೆಲಸಕ್ಕೆ ಇಕ್ವಿಪ್ ಹಣ ಕೊಡುವುದಿಲ್ಲ. ಅರ್ಜೆಂಟ್ ಇದ್ದರೆ ಶುರು ಮಾಡುವ ಮುಂಚೆಯೇ ವೇವರ್‌ಗೆ, ಅಂದರೆ ಈ ನಿಯಮದಿಂದ ವಿನಾಯಿತಿಗೆ, ಬರೆದು ಕೇಳಬಹುದು. ಬಾರ್ಜ್ ತಪ್ಪುತ್ತೆ ಅಂತ ಒಂದು ಪುಟ ಬರೆದು ಕೇಳಿದ್ದರೆ ಸಿಗುತ್ತಿತ್ತೋ ಏನೋ, ನಾನು ಕೇಳಲೇ ಇಲ್ಲ. ಇನ್ನೂ ಹೊಟ್ಟೆ ಉರಿಯುವ ಸಂಗತಿ ಅಂದರೆ ಅವರು ಹೊಸ ರೈತರು, ಸಹಿ ಆಗಿದ್ದರೆ ಕನಿಷ್ಠ ಅರ್ಧ ಹಣ ಮುಂಗಡವಾಗಿಯೇ ಸಿಗುತ್ತಿತ್ತು. ಈಗ ಪೂರ್ತಿ ಅವರ ಕೈಯಿಂದ.

ನಮ್ಮ ಟ್ರ್ಯಾಕರ್ ಬಗ್ಗೆಯೂ ಒಂದು ಮಾತು. ‘ಅಪ್ರೂವ್ಡ್’ ಅಂತ ಒಂದೇ ಕಾಲಂ. ಸೆಲೆಕ್ಟ್ ಆದರೂ ಹಸಿರು, ಸಹಿ ಆದರೂ ಹಸಿರು. ಬೇರೆ ಮಾಡಿ ಅಂತ ಮ್ಯಾನೇಜರ್‌ಗೆ ಮೂರು ಸಲ ಹೇಳಿದೆ, ಮೂರು ಸಲವೂ ‘ಮುಂದಿನ ಕ್ವಾರ್ಟರ್’ ಅಂದರು. ಕೊನೆಗೆ ನಾನೇ ಪಕ್ಕದಲ್ಲಿ ಕೆಂಪು ಬಣ್ಣದ ಒಂದು ಕಾಲಂ ಮಾಡಿಕೊಂಡೆ, ‘1202?’ ಅಂತ. ಹಾಗಂತ ತಪ್ಪು ಟ್ರ್ಯಾಕರ್‌ದಲ್ಲ, ಫೋನಿನಲ್ಲಿ ಮಾಡಿ ಅಂದವನು ನಾನು.

ಆಗಸ್ಟ್‌ನಲ್ಲಿ ಆ ಟನಲ್‌ನೊಳಗಿನ ಎಲೆಕೋಸಿನ ಫೋಟೋ ಬಂತು, ಜೊತೆಗೆ ಒಂದು ಅಕ್ಷರವೂ ಇರಲಿಲ್ಲ. ಆಮೇಲೆ ಡ್ರಿಪ್‌ಗೆ ಅರ್ಜಿ ಹಾಕಿದೆವು, ಅದೂ ಸೆಲೆಕ್ಟ್ ಆಯಿತು. ಹೇಳೋಣ ಅಂತ ಫೋನ್ ಮಾಡಿದೆ. ನಾನು ಬಾಯಿ ತೆರೆಯುವ ಮೊದಲೇ ಅವರು ಕೇಳಿದರು: ‘ಸಹಿ ಆಗಿದೆಯಾ, ಇಲ್ಲ ನಿಮ್ಮ ಹಸಿರು ಟಿಕ್ ಮಾತ್ರನಾ?’