ಫೀ ಇಷ್ಟು ಕಡಿಮೆಯಿದ್ದರೆ ಆ ವಿಶ್ವವಿದ್ಯಾಲಯಕ್ಕೆ ಹೆಸರಿದೆಯೇ?

ವಿಯೆನ್ನಾದಲ್ಲಿ ನೆಲೆಸಿರುವ ನನಗೆ ಊರಿನ ಕಡೆಯಿಂದ, ಅದರಲ್ಲೂ ಬಿ.ಕಾಂ. ಅಥವಾ ಬಿ.ಬಿ.ಎ. ಮುಗಿಸುತ್ತಿರುವ ಮಕ್ಕಳ ತಂದೆತಾಯಿಗಳಿಂದ, ಮತ್ತೆ ಮತ್ತೆ ಬರುವ ಪ್ರಶ್ನೆ ಒಂದಿದೆ: "ಅಲ್ಲಿನ ಸರ್ಕಾರಿ ಬಿಸಿನೆಸ್ ಯೂನಿವರ್ಸಿಟಿಯ ಫೀ ನೋಡಿದೆವು. ನಮ್ಮ ಬೆಂಗಳೂರಿನ ಎಷ್ಟೋ ಖಾಸಗಿ ಎಂಬಿಎ ಕಾಲೇಜುಗಳಿಗಿಂತ ಕಡಿಮೆ ಇದೆಯಲ್ಲ, ಹಾಗಾದರೆ ಅದಕ್ಕೆ ನಿಜವಾಗಿಯೂ ಹೆಸರಿದೆಯೇ? ರ‍್ಯಾಂಕ್ ಎಷ್ಟು?" ಅವರು ಕೇಳುತ್ತಿರುವುದು ವಿಯೆನ್ನಾದ ಅರ್ಥಶಾಸ್ತ್ರ ಮತ್ತು ವಾಣಿಜ್ಯ ವಿಶ್ವವಿದ್ಯಾಲಯದ ಬಗ್ಗೆ. ಇಪ್ಪತ್ತು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳಿರುವ ಈ ಸಂಸ್ಥೆಯನ್ನು ಎಲ್ಲರೂ ಡಬ್ಲ್ಯುಯು ಎಂದೇ ಕರೆಯುವುದರಿಂದ ನಾನೂ ಹಾಗೆಯೇ ಬರೆಯುತ್ತೇನೆ. ಫೋನಿನಲ್ಲಿ ಎರಡು ಮಾತಿನಲ್ಲಿ ಹೇಳಿದರೆ ಉತ್ತರ ಅರ್ಧಕ್ಕೇ ನಿಲ್ಲುತ್ತದೆ. ಆದ್ದರಿಂದ ಇಲ್ಲಿ ವಿವರವಾಗಿ ಬರೆದಿಡುತ್ತಿದ್ದೇನೆ.

ಮೊದಲು ಫೀ ವಿಚಾರವನ್ನು ಮುಗಿಸೋಣ. ಭಾರತದಿಂದ ಬರುವ ವಿದ್ಯಾರ್ಥಿ ಒಂದು ಸೆಮಿಸ್ಟರಿಗೆ 726.72 ಯೂರೊ ಕಟ್ಟುತ್ತಾನೆ. ಯುರೋಪಿಯನ್ ಒಕ್ಕೂಟದ ವಿದ್ಯಾರ್ಥಿಗಳು ನಿಗದಿತ ಅವಧಿ ಹಾಗೂ ಅದರ ಮೇಲೆ ಎರಡು ಸೆಮಿಸ್ಟರುಗಳ ತನಕ ಏನನ್ನೂ ಕಟ್ಟುವುದಿಲ್ಲ. ಆ ಗಡಿ ದಾಟಿದವರು 363.36 ಯೂರೊ ಕಟ್ಟುತ್ತಾರೆ. ಪೈಸೆ ಲೆಕ್ಕದ ಈ ವಿಚಿತ್ರ ಅಂಕಿಯ ಮೂಲ ಹಳೆಯ ನಾಣ್ಯದಲ್ಲಿದೆ: 2001ರಲ್ಲಿ ಆಸ್ಟ್ರಿಯಾ ಸರ್ಕಾರ ಐದು ಸಾವಿರ ಶಿಲ್ಲಿಂಗ್ ಎಂದು ಗೊತ್ತುಮಾಡಿದ ಶುಲ್ಕವೇ ಯೂರೊಗೆ ಬದಲಾಗಿ ಇಂದಿಗೂ ಹಾಗೆಯೇ ಉಳಿದಿದೆ. ಅಂದರೆ ಈ ಮೊತ್ತವನ್ನು ಯಾರೂ ಬೋಧನೆಯ ವೆಚ್ಚ ಲೆಕ್ಕ ಹಾಕಿ ನಿರ್ಧರಿಸಿದ್ದಲ್ಲ, ಮಾರುಕಟ್ಟೆಯಲ್ಲಿ ಸಂಸ್ಥೆಗಿರುವ ಬೆಲೆಯನ್ನು ನೋಡಿಯೂ ನಿರ್ಧರಿಸಿದ್ದಲ್ಲ. ಇದೇ ವಿಶ್ವವಿದ್ಯಾಲಯದ ಎಕ್ಸಿಕ್ಯುಟಿವ್ ಎಂಬಿಎ ತನ್ನ ಖರ್ಚನ್ನು ತಾನೇ ಹೊರಬೇಕಾದ್ದರಿಂದ ಅದಕ್ಕೆ ಹತ್ತಾರು ಸಾವಿರ ಯೂರೊ ಶುಲ್ಕವಿದೆ. ಒಂದೇ ಆವರಣದಲ್ಲಿ ಎರಡು ಬೆಲೆಗಳಿರುವಾಗ ಬೆಲೆಯಿಂದ ಗುಣವನ್ನು ಅಳೆಯುವ ನಮ್ಮ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ಡೊನೇಶನ್ ಸೀಟು, ಮ್ಯಾನೇಜ್‌ಮೆಂಟ್ ಕೋಟಾಗಳ ನಡುವೆ ಬೆಳೆದ ನಮಗೆ ಇದನ್ನು ಒಪ್ಪಿಕೊಳ್ಳಲು ತುಸು ಸಮಯ ಬೇಕಾಗುತ್ತದೆ.

ಹಾಗಾದರೆ ಹಣ ಎಲ್ಲಿಂದ ಬರುತ್ತದೆ? 2002ರ ವಿಶ್ವವಿದ್ಯಾಲಯ ಕಾಯ್ದೆ 2004ರ ಜನವರಿಯಿಂದ ಪೂರ್ಣವಾಗಿ ಜಾರಿಗೆ ಬಂದ ಮೇಲೆ ಆಸ್ಟ್ರಿಯಾದ ವಿಶ್ವವಿದ್ಯಾಲಯಗಳು ಸರ್ಕಾರದ ಇಲಾಖೆಗಳಂತಿರದೆ ಸ್ವತಂತ್ರ ಕಾನೂನು ಸಂಸ್ಥೆಗಳಾದವು, ಮತ್ತು ಪ್ರತಿ ಮೂರು ವರ್ಷಕ್ಕೊಮ್ಮೆ ಸರ್ಕಾರದೊಡನೆ ಸಾಧನೆಯ ಒಪ್ಪಂದ ಮಾಡಿಕೊಂಡು ಅನುದಾನ ಪಡೆಯತೊಡಗಿದವು. 2019ರಿಂದ ಈ ಅನುದಾನವನ್ನು ಬೋಧನೆ, ಸಂಶೋಧನೆ, ಮೂಲಸೌಕರ್ಯ ಎಂದು ಮೂರು ಪಾಲು ಮಾಡಿ ಲೆಕ್ಕ ಹಾಕಲಾಗುತ್ತಿದೆ. ಬೋಧನೆಯ ಪಾಲಿನಲ್ಲಿ ಮುಖ್ಯವಾಗಿ ಎಣಿಕೆಗೆ ಬರುವುದು ಹೆಸರು ನೋಂದಾಯಿಸಿದವರ ಸಂಖ್ಯೆಯಲ್ಲ. ವರ್ಷಕ್ಕೆ ಕನಿಷ್ಠ 16 ಕ್ರೆಡಿಟ್‌ಗಳಷ್ಟು ಪರೀಕ್ಷೆ ಪಾಸು ಮಾಡಿದ ವಿದ್ಯಾರ್ಥಿಗಳ ಸಂಖ್ಯೆ. ಈ ಒಂದು ನಿಯಮ ತರಗತಿಯ ಒಳಗಿನ ಬದುಕನ್ನು ಎಷ್ಟು ಬದಲಿಸುತ್ತದೆಂದು ಹೊರಗಿನವರಿಗೆ ಸುಲಭವಾಗಿ ಕಾಣುವುದಿಲ್ಲ. ಹಿಂದೆ ಸಾವಿರಾರು ಜನರನ್ನು ಸೇರಿಸಿಕೊಂಡು ಅವರಲ್ಲಿ ಎಷ್ಟು ಜನ ನಡುವೆಯೇ ಬಿಟ್ಟುಹೋದರು ಎಂದು ಕೇಳದೆ ಇರಬಹುದಿತ್ತು. ಈಗ ಬಿಟ್ಟುಹೋಗುವ ಪ್ರತಿಯೊಬ್ಬರೂ ಅನುದಾನದಲ್ಲಿ ಕಡಿತವಾಗಿಯೇ ಕಾಣಿಸುತ್ತಾರೆ.

ಬೋಧನೆಯ ಮಾತಿಗೆ ಬಂದರೆ, ಇಲ್ಲಿ ಎರಡು ಬಾಗಿಲುಗಳಿವೆ ಎಂಬುದನ್ನು ಕೇಳುವವರು ತಿಳಿದಿರಬೇಕು. ಜರ್ಮನ್ ಭಾಷೆಯ ದೊಡ್ಡ ಪದವಿ ಕೋರ್ಸಿಗೆ ಶಾಲೆಯ ಅಂತಿಮ ಪರೀಕ್ಷೆ ಪಾಸಾದವರೆಲ್ಲ ಬಹುಕಾಲ ನೇರವಾಗಿ ಸೇರಬಹುದಾಗಿತ್ತು. 2013ರ ಆಸುಪಾಸಿನಲ್ಲಿ ಪ್ರವೇಶದ ಕ್ರಮಕ್ಕೆ ಮಿತಿ ಬಂದರೂ ಸೀಟಿಗಿಂತ ಅರ್ಜಿ ಹೆಚ್ಚಾದಾಗ ಮಾತ್ರ ಪರೀಕ್ಷೆ ನಡೆಯುತ್ತದೆ. ನಮ್ಮಲ್ಲಿ ಸಿಇಟಿ, ಕ್ಯಾಟ್ ಎಂದು ಗೇಟಿನ ಹೊರಗೇ ನಡೆದುಹೋಗುವ ಸೋಸುವಿಕೆ ಇಲ್ಲಿ ಗೇಟಿನ ಒಳಗೆ, ಮೊದಲ ವರ್ಷದ ಪ್ರವೇಶ ಹಂತದ ಪರೀಕ್ಷೆಗಳಲ್ಲಿ ನಡೆಯುತ್ತದೆ. ಪ್ರತಿ ಪರೀಕ್ಷೆಗೂ ಇಷ್ಟೇ ಪ್ರಯತ್ನಗಳು ಎಂಬ ಮಿತಿಯಿದ್ದು, ಕೊನೆಯದರಲ್ಲೂ ಫೇಲಾದವರು ಆ ಪದವಿಯನ್ನು ಅದೇ ವಿಶ್ವವಿದ್ಯಾಲಯದಲ್ಲಿ ಮತ್ತೆ ಓದುವಂತಿಲ್ಲ. ಸಪ್ಲಿಮೆಂಟರಿ ಬರೆದು ಬರೆದು ಒಂದಲ್ಲ ಒಂದು ದಿನ ದಾಟಬಹುದೆಂಬ ಭರವಸೆಗೆ ಇಲ್ಲಿ ಜಾಗವಿಲ್ಲ. ಜೊತೆಗೆ ಸಣ್ಣ ತರಗತಿಗಳಲ್ಲಿ ಸೀಟು ಹಿಡಿಯುವುದೇ ಒಂದು ಪಂದ್ಯ: ಎಲ್‌ಪಿಐಎಸ್ ಎಂಬ ನೋಂದಣಿ ವ್ಯವಸ್ಥೆ ತೆರೆಯುವ ಗಳಿಗೆಗೆ ಸರಿಯಾಗಿ ಕಂಪ್ಯೂಟರಿನ ಮುಂದೆ ಕುಳಿತು, ನಮ್ಮಲ್ಲಿ ತತ್ಕಾಲ್ ಟಿಕೆಟ್ ತೆಗೆಯುವವರಂತೆ ಗುಂಡಿ ಒತ್ತಬೇಕು; ಕೆಲವು ಜನಪ್ರಿಯ ಪ್ರಾಧ್ಯಾಪಕರ ತರಗತಿಗಳು ನೋಡನೋಡುತ್ತಿದ್ದಂತೆ ತುಂಬಿಹೋಗುತ್ತವೆ.

ಎರಡನೆಯ ಬಾಗಿಲು ಇಂಗ್ಲಿಷ್ ಮಾಧ್ಯಮದ ಸ್ನಾತಕೋತ್ತರ ಕೋರ್ಸುಗಳದು. ಕ್ವಾಂಟಿಟೇಟಿವ್ ಫೈನಾನ್ಸ್, ಮಾರ್ಕೆಟಿಂಗ್, ಸಪ್ಲೈ ಚೈನ್ ಮುಂತಾದ ವಿಷಯಗಳಿಗೆ ಅಂಕಪಟ್ಟಿ, ಜಿಮ್ಯಾಟ್ ಅಥವಾ ಜಿಆರ್‌ಇಯಂಥ ಪರೀಕ್ಷೆಯ ಅಂಕ, ಉದ್ದೇಶಪತ್ರ ಎಲ್ಲವನ್ನೂ ನೋಡಿ ಮೊದಲೇ ಆಯ್ಕೆ ಮಾಡುತ್ತಾರೆ, ತರಗತಿಯೂ ಚಿಕ್ಕದು. ಭಾರತದ ಪದವೀಧರರು ಬರುವುದು ಬಹುಮಟ್ಟಿಗೆ ಈ ಬಾಗಿಲಿನಿಂದ. ಹೀಗಾಗಿ ಡಬ್ಲ್ಯುಯು ಎಂದರೆ ಜನಜಂಗುಳಿ, ಪ್ರಾಧ್ಯಾಪಕರಿಗೆ ವಿದ್ಯಾರ್ಥಿಯ ಮುಖವೇ ಗೊತ್ತಿರುವುದಿಲ್ಲ ಎಂಬ ದೂರು ನಿಜವಾದರೂ, ಅದನ್ನು ಹೇಳುವವರು ಮೊದಲ ಬಾಗಿಲಿನವರು. ಎರಡೂ ಕಡೆ ಶುಲ್ಕ ಒಂದೇ ಎಂಬುದನ್ನು ಇಲ್ಲಿ ಮತ್ತೊಮ್ಮೆ ನೆನಪಿಸುತ್ತೇನೆ.

ಸಂಶೋಧನೆಯ ವಿಷಯ ಇದಕ್ಕಿಂತ ಸೂಕ್ಷ್ಮ. ಇಲ್ಲಿ ಯುವ ಸಂಶೋಧಕರು ಬಹುಪಾಲು ಅವಧಿ ಗುತ್ತಿಗೆಯ ಮೇಲೆ ಕೆಲಸ ಮಾಡುತ್ತಾರೆ. 2021ರ ಕಾಯ್ದೆ ತಿದ್ದುಪಡಿಯ ಪ್ರಕಾರ ಒಬ್ಬ ವ್ಯಕ್ತಿಯನ್ನು ಒಂದೇ ವಿಶ್ವವಿದ್ಯಾಲಯ ಇಂಥ ಗುತ್ತಿಗೆಗಳಲ್ಲಿ ಒಟ್ಟು ಎಂಟು ವರ್ಷಕ್ಕಿಂತ ಹೆಚ್ಚು ಕಾಲ ಇರಿಸಿಕೊಳ್ಳುವಂತಿಲ್ಲ. ಆಮೇಲೆ ಕಾಯಂ ಮಾಡಬೇಕು, ಇಲ್ಲವೇ ಕಳಿಸಿಕೊಡಬೇಕು. ಶೋಷಣೆಯನ್ನು ತಡೆಯಲು ಬಂದ ನಿಯಮವೇ ಎಷ್ಟೋ ಜನರಿಗೆ ಹೊರಹೋಗುವ ದಾರಿಯಾಗಿದೆ ಎಂಬ ಟೀಕೆ ಇದೆ, ಮತ್ತು ಅದರಲ್ಲಿ ಹುರುಳಿದೆ ಎಂದೇ ನನ್ನ ಅಭಿಪ್ರಾಯ. ಆ ಎಂಟು ವರ್ಷಗಳಲ್ಲಿ ಕಾಯಂ ಹುದ್ದೆಗೆ ಅರ್ಹರಾಗಲು ಒಳ್ಳೆಯ ಅಂತರರಾಷ್ಟ್ರೀಯ ನಿಯತಕಾಲಿಕಗಳಲ್ಲಿ ಪ್ರಬಂಧ ಪ್ರಕಟವಾಗಬೇಕು, ಮತ್ತು ಅವು ಹೆಚ್ಚಾಗಿ ಇಂಗ್ಲಿಷಿನವು. ಇಂಥ ಒತ್ತಡದಲ್ಲಿರುವವರಿಗೆ ನಾಳೆಯ ಪಾಠದ ತಯಾರಿಗಿಂತ ನಾಳಿದ್ದಿನ ಪ್ರಬಂಧ ಮುಖ್ಯವೆನಿಸಿದರೆ ಅವರನ್ನು ದೂರುವುದು ಕಷ್ಟ. ಸಂಶೋಧನೆಗೆ ಹೆಸರಾದ ಕಡೆ ಪಾಠವೂ ಚೆನ್ನಾಗಿರುತ್ತದೆಂದು ತಂದೆತಾಯಿಗಳು ಧಾರಾಳವಾಗಿ ನಂಬುತ್ತಾರೆ. ಕೆಲವೊಮ್ಮೆ ಹಾಗೆ ಇರುತ್ತದೆ, ಆದರೆ ಒಂದು ಇನ್ನೊಂದಕ್ಕೆ ಖಾತರಿ ಕೊಡುವುದಿಲ್ಲ.

ಪ್ರಬಂಧಗಳ ಎಣಿಕೆಗೆ ಸಿಗದ ಒಂದು ಕೆಲಸವೂ ಇಲ್ಲಿ ನಡೆಯುತ್ತದೆ. ಬೆಂಗಳೂರಿನವರು ಕೇಳಿದಾಗ ನಾನು ತಪ್ಪದೆ ಹೇಳುವುದು ಇದನ್ನೇ. ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ರಾಸ್ ಇಹಾಕಾ ಮತ್ತು ರಾಬರ್ಟ್ ಜೆಂಟಲ್‌ಮನ್ ಹುಟ್ಟುಹಾಕಿದ ಆರ್ ಎಂಬ ಸಂಖ್ಯಾಶಾಸ್ತ್ರದ ಸಾಫ್ಟ್‌ವೇರ್ ನಮ್ಮ ಐಟಿ ಮತ್ತು ಅನಾಲಿಟಿಕ್ಸ್ ಕಂಪನಿಗಳಲ್ಲಿ ಕೆಲಸ ಮಾಡುವ ಎಷ್ಟೋ ಮಂದಿಗೆ ಪರಿಚಿತ. ಅದರ ಪೂರಕ ಪ್ಯಾಕೇಜುಗಳೆಲ್ಲ ಒಂದೆಡೆ ಸಿಗುವ ಕ್ರಾನ್ ಎಂಬ ಭಂಡಾರವನ್ನು 1997ರಲ್ಲಿ ವಿಯೆನ್ನಾದಲ್ಲಿ ಆರಂಭಿಸಿದವರು ಕುರ್ಟ್ ಹೋರ್ನಿಕ್ ಮತ್ತು ಫ್ರೀಡ್ರಿಶ್ ಲೈಷ್. ಅದು ಮೊದಲು ಇದೇ ಊರಿನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿತ್ತು. ಇಂದು ಅದರ ಮೂಲ ಸರ್ವರ್ ಇರುವುದು ಡಬ್ಲ್ಯುಯುವಿನ ಸಂಖ್ಯಾಶಾಸ್ತ್ರ ಮತ್ತು ಗಣಿತ ವಿಭಾಗದಲ್ಲಿ, ಹೋರ್ನಿಕ್ ಪ್ರಾಧ್ಯಾಪಕರಾಗಿ ಸೇರಿದ್ದೂ ಅಲ್ಲಿಯೇ. ಇಪ್ಪತ್ತು ಸಾವಿರಕ್ಕೂ ಹೆಚ್ಚು ಪ್ಯಾಕೇಜುಗಳನ್ನು ಪರೀಕ್ಷಿಸಿ, ಒಂದರಿಂದ ಇನ್ನೊಂದು ಕೆಡದಂತೆ ನೋಡಿಕೊಂಡು, ಜಗತ್ತಿಗೆ ಪುಕ್ಕಟೆಯಾಗಿ ಒದಗಿಸುವುದು ದಿನದಿನದ ಚಾಕರಿ. ವೈಟ್‌ಫೀಲ್ಡಿನಲ್ಲಿ ಕುಳಿತು ಒಂದು ಸಾಲಿನ ಆದೇಶ ಕೊಟ್ಟು ಪ್ಯಾಕೇಜ್ ಇಳಿಸಿಕೊಳ್ಳುವವರು ಅದು ಒಂದು ವಾಣಿಜ್ಯ ವಿಶ್ವವಿದ್ಯಾಲಯದ ಸೇವೆಯ ಫಲವೆಂದು ಊಹಿಸಿರಲಾರರು. ನಾನು ನೋಡಿರುವ ಯಾವ ರ‍್ಯಾಂಕಿಂಗಿನಲ್ಲೂ ಇದಕ್ಕೆ ಅಂಕದ ಕಾಲಂ ಇಲ್ಲ.

ರ‍್ಯಾಂಕಿಂಗ್ ಎಂದೊಡನೆ ಕೇಳುವವರ ಕಿವಿ ಚುರುಕಾಗುತ್ತದೆ, ಆದರೆ ನನಗೆ ಇದು ಎಲ್ಲಕ್ಕಿಂತ ಸಪ್ಪೆಯಾದ ಭಾಗ. ಜಗತ್ತಿನ ವಿಶ್ವವಿದ್ಯಾಲಯಗಳನ್ನು ಅಳೆಯುವ ಶಾಂಘೈ ಪಟ್ಟಿಯಲ್ಲಿ ನೂರಕ್ಕೆ ಮೂವತ್ತು ಅಂಕ ನೊಬೆಲ್ ಪ್ರಶಸ್ತಿ ಮತ್ತು ಫೀಲ್ಡ್ಸ್ ಪದಕಗಳಿಗೆ ಮೀಸಲು. ಉಳಿದದ್ದರಲ್ಲೂ ವೈದ್ಯಕೀಯ ಮತ್ತು ವಿಜ್ಞಾನ ವಿಭಾಗಗಳಿರುವ ದೊಡ್ಡ ವಿಶ್ವವಿದ್ಯಾಲಯಗಳದೇ ಮೇಲುಗೈ. ವಾಣಿಜ್ಯ, ಅರ್ಥಶಾಸ್ತ್ರ, ವಾಣಿಜ್ಯ ಕಾನೂನುಗಳನ್ನೇ ಕಲಿಸುವ ಸಂಸ್ಥೆಯನ್ನು ಅಲ್ಲಿ ಹುಡುಕುವುದು ವ್ಯರ್ಥ. ಫೈನಾನ್ಶಿಯಲ್ ಟೈಮ್ಸ್ ಪತ್ರಿಕೆಯ ಯುರೋಪಿನ ಬಿಸಿನೆಸ್ ಸ್ಕೂಲುಗಳ ಪಟ್ಟಿಯಾದರೋ ಎಂಬಿಎ, ಎಕ್ಸಿಕ್ಯುಟಿವ್ ಎಂಬಿಎ, ಮ್ಯಾನೇಜ್‌ಮೆಂಟ್ ಸ್ನಾತಕೋತ್ತರ ಪದವಿ, ಉದ್ಯೋಗಿಗಳ ತರಬೇತಿ ಮುಂತಾದ ಬೇರೆ ಬೇರೆ ಪಟ್ಟಿಗಳನ್ನು ಕೂಡಿಸಿ ಮಾಡಿದ್ದು. ಅವುಗಳಲ್ಲಿ ಒಂದೆರಡರಲ್ಲಿ ಇಲ್ಲದವರು ಒಟ್ಟು ಪಟ್ಟಿಯಲ್ಲಿ ಕೆಳಗಿಳಿಯುತ್ತಾರೆ. ಅದರ ಮ್ಯಾನೇಜ್‌ಮೆಂಟ್ ಸ್ನಾತಕೋತ್ತರ ಪಟ್ಟಿ ಹಳೆಯ ವಿದ್ಯಾರ್ಥಿಗಳ ಸಂಬಳವನ್ನು ಆಯಾ ದೇಶದ ಕೊಳ್ಳುವ ಶಕ್ತಿಗೆ ಹೊಂದಿಸಿ ಡಾಲರಿನಲ್ಲಿ ಲೆಕ್ಕ ಹಾಕುವುದರಿಂದ ನಮ್ಮ ಐಐಎಂಗಳ ಸಂಬಳದ ಅಂಕಿ ಯುರೋಪಿನವರನ್ನೂ ಮೀರಿಸುವಂತೆ ಕಾಣುತ್ತದೆ. ಇದರಲ್ಲಿ ಮೋಸವೇನೂ ಇಲ್ಲ. ಆದರೆ ಆ ಅಂಕಿಯನ್ನು ನೋಡಿ ವಿಯೆನ್ನಾದಲ್ಲಿ ಓದಬೇಕೋ ಬೇಡವೋ ಎಂದು ತೀರ್ಮಾನಿಸಲು ಬರುವುದಿಲ್ಲ.

ಇವುಗಳಿಗಿಂತ, ಬಿಸಿನೆಸ್ ಸ್ಕೂಲುಗಳನ್ನು ಪರಿಶೀಲಿಸಿ ಅಂತರರಾಷ್ಟ್ರೀಯ ಸಂಸ್ಥೆಗಳು ಕೊಡುವ ಮಾನ್ಯತೆಗಳಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಡಬ್ಲ್ಯುಯುವಿಗೆ 2007ರಲ್ಲಿ ಈಕ್ವಿಸ್, 2010ರಲ್ಲಿ ಆಂಬಾ, 2015ರಲ್ಲಿ ಎಎಸಿಎಸ್‌ಬಿ ಮಾನ್ಯತೆ ಸಿಕ್ಕವು. ಮೂರನ್ನೂ ಪಡೆದ ಬಿಸಿನೆಸ್ ಸ್ಕೂಲುಗಳು ಜಗತ್ತಿನಲ್ಲಿ ಶೇಕಡ ಒಂದರ ಆಸುಪಾಸಿನಷ್ಟು ಮಾತ್ರ. ಹೊರಗಿನ ತಜ್ಞರು ಬಂದು ಕಡತ ನೋಡಿ, ಅಧ್ಯಾಪಕರನ್ನೂ ವಿದ್ಯಾರ್ಥಿಗಳನ್ನೂ ಮಾತನಾಡಿಸಿ, ಕೆಲವು ವರ್ಷಗಳ ನಂತರ ಮತ್ತೆ ಬಂದು ನೋಡುವ ಈ ಕ್ರಮದಲ್ಲಿಯೂ ಕಾಗದದ ಶೃಂಗಾರ ಇದ್ದೇ ಇರುತ್ತದೆ, ಆದರೂ ಕನಿಷ್ಠ ಮಟ್ಟದ ಭರವಸೆಯೊಂದು ಸಿಗುತ್ತದೆ. ಸೆಮ್ಸ್ ಎಂಬ ಬಿಸಿನೆಸ್ ಸ್ಕೂಲುಗಳ ಜಾಗತಿಕ ಒಕ್ಕೂಟದಲ್ಲೂ ಡಬ್ಲ್ಯುಯು ಇದೆ. ಭಾರತದಿಂದ ಅದರಲ್ಲಿರುವುದು ಐಐಎಂ ಕಲ್ಕತ್ತಾ.

ಹೆಸರು ಎಂದಾಗ ಈ ಊರಿನ ಹಿರಿಯರಿಗೆ ನೆನಪಾಗುವುದು ಬೇರೆಯೇ ಕಥೆ, ಮತ್ತು ಯಾವ ಕೈಪಿಡಿಯೂ ಅದನ್ನು ಮೊದಲ ಪುಟದಲ್ಲಿ ಹಾಕುವುದಿಲ್ಲ. 1898ರಲ್ಲಿ ರಫ್ತು ಅಕಾಡೆಮಿಯಾಗಿ ಹುಟ್ಟಿದ ಈ ಸಂಸ್ಥೆ 1919ರಲ್ಲಿ ವಿಶ್ವ ವಾಣಿಜ್ಯ ಕಾಲೇಜಾಯಿತು, 1975ರಲ್ಲಿ ಇಂದಿನ ಹೆಸರು ಪಡೆಯಿತು. ಆ ನಡುವೆ, 1960ರ ದಶಕದಲ್ಲಿ, ತಾರಾಸ್ ಬೊರೊಡಾಯ್ಕೆವಿಚ್ ಎಂಬ ಇತಿಹಾಸದ ಪ್ರಾಧ್ಯಾಪಕರು, ಹಿಂದೆ ನಾಜಿ ಪಕ್ಷದಲ್ಲಿದ್ದವರು, ತರಗತಿಯಲ್ಲಿ ಯಹೂದಿ ದ್ವೇಷದ ಮಾತುಗಳನ್ನಾಡುತ್ತಿದ್ದರು. ಫರ್ಡಿನಾಂಡ್ ಲಾಸಿನಾ ಎಂಬ ವಿದ್ಯಾರ್ಥಿ ಅವುಗಳನ್ನು ಬರೆದಿಟ್ಟುಕೊಂಡರು. ಹೈನ್ಸ್ ಫಿಶರ್ ಎಂಬ ಯುವಕ ಅದನ್ನು ಲೇಖನವಾಗಿ ಪ್ರಕಟಿಸಿದರು. ಲಾಸಿನಾ ಇನ್ನೂ ಓದು ಮುಗಿಸಿರಲಿಲ್ಲವಾದ್ದರಿಂದ ಫಿಶರ್ ಆ ವಿದ್ಯಾರ್ಥಿಯ ಹೆಸರನ್ನು ಹೇಳಲಿಲ್ಲ, ಮಾನನಷ್ಟ ಮೊಕದ್ದಮೆಯಲ್ಲಿ ಸೋತು ದಂಡ ತೆತ್ತರು. 1965ರ ಮಾರ್ಚ್ 31ರಂದು ಪ್ರಾಧ್ಯಾಪಕರ ಪರ ಮತ್ತು ವಿರುದ್ಧದ ಮೆರವಣಿಗೆಗಳು ಎದುರಾದಾಗ ಎರ್ನ್‌ಸ್ಟ್ ಕಿರ್ಶ್‌ವೇಗರ್ ಎಂಬ ವೃದ್ಧರು, ನಾಜಿಗಳ ಕಾಲದಲ್ಲಿ ಪ್ರತಿರೋಧದಲ್ಲಿದ್ದವರು, ಬಲಪಂಥೀಯ ವಿದ್ಯಾರ್ಥಿಯೊಬ್ಬನ ಏಟಿಗೆ ಬಿದ್ದು ಎರಡು ದಿನಗಳ ನಂತರ ತೀರಿಕೊಂಡರು. ಪ್ರಾಧ್ಯಾಪಕರನ್ನು ಮರುವರ್ಷ ಕಡ್ಡಾಯ ನಿವೃತ್ತಿಗೆ ಕಳಿಸಲಾಯಿತು. ಮುಂದೆ ಲಾಸಿನಾ ದೇಶದ ಹಣಕಾಸು ಸಚಿವರಾದರು, ಫಿಶರ್ 2004ರಿಂದ 2016ರವರೆಗೆ ರಾಷ್ಟ್ರಾಧ್ಯಕ್ಷರಾಗಿದ್ದರು. ನಾಜಿ ಆಡಳಿತದಲ್ಲಿ ಹೊರದಬ್ಬಲ್ಪಟ್ಟ ಯಹೂದಿ ವಿದ್ಯಾರ್ಥಿಗಳ ಸ್ಮಾರಕವೂ ಈಗ ಆವರಣದಲ್ಲಿದೆ. ಒಂದು ತರಗತಿಯಲ್ಲಿ ಏನು ಹೇಳಲಾಗುತ್ತಿದೆ ಎಂಬುದು ಇಡೀ ದೇಶದ ಪ್ರಶ್ನೆಯಾಗಬಲ್ಲದೆಂದು ಈ ಸಂಸ್ಥೆ ಕಷ್ಟಪಟ್ಟು ಕಲಿತಿದೆ.

ಪ್ರಾಟರ್ ಉದ್ಯಾನದ ಪಕ್ಕ 2013ರಲ್ಲಿ ತೆರೆದ ಹೊಸ ಆವರಣದಿಂದಲೂ ಹೆಸರು ಬೆಳೆಯಿತು. ಜಹಾ ಹದೀದ್ ವಿನ್ಯಾಸಗೊಳಿಸಿದ ಗ್ರಂಥಾಲಯದ ಚಿತ್ರ ಎಲ್ಲ ಜಾಹೀರಾತುಗಳಲ್ಲೂ ಇದೆ. ಮರುವರ್ಷವೇ ಅದರ ಹೊರಗೋಡೆಯಿಂದ ಕಾಂಕ್ರೀಟ್ ಫಲಕವೊಂದು ಕಳಚಿಬಿದ್ದ ಸುದ್ದಿ ಜಾಹೀರಾತಿನಲ್ಲಿಲ್ಲ.

ಕೊನೆಗೆ, ಕೇಳುವವರ ಮನಸ್ಸಿನಲ್ಲಿ ನಿಜವಾಗಿ ಇರುವುದು ಕೆಲಸದ ಚಿಂತೆ. ಆಸ್ಟ್ರಿಯಾದ ಬ್ಯಾಂಕು, ವಿಮೆ, ಲೆಕ್ಕಪರಿಶೋಧನೆ, ತೆರಿಗೆ ಸಲಹೆಯ ಕಚೇರಿಗಳಲ್ಲಿ ಡಬ್ಲ್ಯುಯು ಎಂದರೆ ಪರಿಚಯ ಬೇಕಿಲ್ಲ. ಎರ್ಸ್ಟೆ, ರೈಫೈಸೆನ್, ಒಎಂವಿಯಂಥ ಕಂಪನಿಗಳ ಕೇಂದ್ರ ಕಚೇರಿಗಳೂ ಇದೇ ಊರಿನಲ್ಲಿವೆ. ಬೆಂಗಳೂರಿನಲ್ಲಿ ಅದೇ ಹೆಸರು ಹೇಳಿದರೆ ಎದುರಿಗಿರುವವರು ಗೂಗಲ್ ಮಾಡಿ ನೋಡಬೇಕಾಗಬಹುದು. ಓದು ಮುಗಿದ ಮೇಲೆ ಕೆಲಸ ಹುಡುಕಲು ಭಾರತೀಯ ಪದವೀಧರರು ಹನ್ನೆರಡು ತಿಂಗಳು ಇಲ್ಲಿ ಇರಲು ಅವಕಾಶವಿದೆ. ಕೋರ್ಸು ಪೂರ್ತಿ ಇಂಗ್ಲಿಷಿನಲ್ಲಿ ನಡೆದರೂ ಆ ಹನ್ನೆರಡು ತಿಂಗಳಲ್ಲಿ ಸಂದರ್ಶನಗಳು ಹೆಚ್ಚಾಗಿ ಜರ್ಮನ್ ಭಾಷೆಯಲ್ಲೇ ನಡೆಯುತ್ತವೆ. ಆದ್ದರಿಂದ ರ‍್ಯಾಂಕ್ ಕೇಳಿದವರಿಗೆ ನಾನು ತಿರುಗಿ ಕೇಳುವ ಪ್ರಶ್ನೆ, ಮಗ ಅಥವಾ ಮಗಳು ಜರ್ಮನ್ ಕಲಿಯಲು ಶುರುಮಾಡಿದ್ದಾರೆಯೇ ಎಂಬುದು. ಇಲ್ಲವೆಂದರೆ, ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಮುಂದಿನ ಬ್ಯಾಚ್ ಯಾವಾಗ ಎಂದು ಮೊದಲು ವಿಚಾರಿಸಿ ಎನ್ನುತ್ತೇನೆ.