ಜಂಗಲ್ ಕಟಿಂಗ್ ಮಧ್ಯೆ ಕಾಡುಪಾಪ

ಮಳೆಗಾಲಕ್ಕೆ ಮೊದಲು ಶಿರಸಿ ಕಡೆ ಜಂಗಲ್ ಕಟಿಂಗ್, ಅಂದ್ರೆ ತಂತಿಗೆ ತಾಗುವ ಕೊಂಬೆ ಕಡಿಯೋ ಕೆಲಸ, ಶುರುವಾದ್ರೆ ಲೈನ್‌ಮ್ಯಾನ್‌ಗಳಿಗೆ ಊಟಕ್ಕೂ ಪುರುಸೊತ್ತಿಲ್ಲ. ಊರುಗಳಿಗೆ ಕರೆಂಟ್ ಒಯ್ಯುವ 11 ಕೆವಿ ಫೀಡರ್ ಲೈನಿಗೆ ಎಲ್‌ಸಿ (ಲೈನ್ ಕ್ಲಿಯರ್, ಕರೆಂಟ್ ತೆಗೆಸಿ ಕೆಲಸ ಮಾಡಲು ಅನುಮತಿ) ಸಿಕ್ಕಿದ್ದು ಮಧ್ಯಾಹ್ನದವರೆಗೆ ಮಾತ್ರ. ಹೊತ್ತು ಮೀರಿದ್ರೆ ತೋಟದವರ ಫೋನು ಶುರು.

ಮತ್ತಿ ಮರಕ್ಕೆ ದೋಟಿ ಹಾಕಿದಾಗ ಬಳ್ಳಿಗಳ ಒಳಗೆ ಬೂದು ಉಂಡೆಯೊಂದು ಕಂಡಿತು. ಅಳಿಲಿನ ಗೂಡು ಅಂದುಕೊಂಡೆ. ಉಂಡೆಯಿಂದ ತಲೆ ಎದ್ದಿತು. ಮುಖದ ತುಂಬಾ ಕಣ್ಣು.

"ಸಾರ್, ಕಾಡುಪಾಪ!" ಅಂದ ಗ್ಯಾಂಗಿನ ಹುಡುಗ.

ಅಲ್ಲಾಡಿಸು, ಓಡಿಹೋಗುತ್ತೆ ಅಂದೆ. ದಿನಾ ಮಂಗಗಳನ್ನು ನೋಡಿ ಬಂದ ಬುದ್ಧಿ. ಅಲ್ಲಾಡಿಸಿದಷ್ಟೂ ಅದು ಕೊಂಬೆಯನ್ನು ಬಿಗಿಯಾಗಿ ಹಿಡಿಯಿತು. ಹೆಬ್ಬೆರಳು ಒಂದು ಕಡೆ, ಉಳಿದವು ಇನ್ನೊಂದು ಕಡೆ, ಥೇಟ್ ಇಕ್ಕಳ. ತೋರುಬೆರಳು ಮಾತ್ರ ಗಿಡ್ಡ. ಕಾಲು ಕೇಜಿ ಆಸುಪಾಸಿನ ಪ್ರಾಣಿ, ಬಾಲ ಇಲ್ಲ. ಅದು ಜಿಗಿಯುವ ಜಾತಿಯೇ ಅಲ್ಲ. ರಾತ್ರಿ ಹುಳ, ಇರುವೆ ಹುಡುಕಿ ತಿಂದು ಹಗಲು ಮಲಗುವುದು ಅದರ ಕ್ರಮ. ನಾವು ಅದರ ಮಲಗುವ ಜಾಗಕ್ಕೇ ಕತ್ತಿ ಇಟ್ಟಿದ್ದೆವು.

"ಗೋಣಿಚೀಲ ತರ್ಲಾ?" ಅಂದ ಹುಡುಗ. ಬೇಡ ಮಾರಾಯ, 1972ರ ವನ್ಯಜೀವಿ ಕಾಯ್ದೆಯಲ್ಲಿ ಮೊದಲ ಪಟ್ಟಿಯಲ್ಲಿರೋ ಜೀವ ಅದು ಅಂದೆ. ಅಷ್ಟರಲ್ಲಿ ಸಾಹೇಬ್ರ ಫೋನು: "ಎಲ್‌ಸಿ ರಿಟರ್ನ್ ಮಾಡ್ತೀಯಾ, ಇಲ್ವಾ?" ಇನ್ನೊಂದು ಸ್ಪ್ಯಾನ್ (ಎರಡು ಕಂಬಗಳ ನಡುವಿನ ಲೈನು) ಬಾಕಿ ಇದೆ ಸಾರ್ ಅಂತ ಸುಳ್ಳು ಹೇಳಿದೆ. ಹುಡುಗನಿಗೆ ದೋಟಿ ಇಳಿಸಲು ಹೇಳಿ, ಎಲ್ಲರೂ ದೂರ ನಿಂತೆವು. ಎಷ್ಟೋ ಹೊತ್ತು ಅದು ಕದಲಲೇ ಇಲ್ಲ. ಆಮೇಲೆ ಒಂದು ಕೈ ಬಿಡಿಸಿತು. ಮುಂದಿನ ಕೊಂಬೆ ಹಿಡಿಯಿತು. ಅದು ಗಟ್ಟಿಯಾದ ಮೇಲೆಯೇ ಹಿಂದಿನ ಕಾಲು. ಹಾಗೇ ಬಳ್ಳಿಯೊಳಗೆ ಸರಿಯಿತು. ಲೈನಿಗೆ ತಾಗುತ್ತಿದ್ದ ತುದಿಗಳನ್ನಷ್ಟೇ ಕಡಿಸಿ, ಗೋಜಲನ್ನು ಹಾಗೇ ಬಿಟ್ಟೆ.

ಗುತ್ತಿಗೆಯವರು ಕಡಿದ ಕಡೆ ನೋಡಿ, ಎರಡೂ ಬದಿ ಬೋಳು. ಕೊಂಬೆಗೆ ಕೊಂಬೆ ತಾಗದಿದ್ರೆ ಜಿಗಿಯಲು ಬಾರದ ಪ್ರಾಣಿ ಒಂದೋ ನೆಲಕ್ಕಿಳಿದು ನಾಯಿ ಬಾಯಿಗೆ ಬೀಳುತ್ತೆ, ಇಲ್ಲಾ ತಂತಿ ಹಿಡಿಯುತ್ತೆ. ಬೇರೇನನ್ನೂ ಮುಟ್ಟದೆ ಒಂದೇ ತಂತಿ ಮೇಲೆ ಇದ್ದಷ್ಟು ಹೊತ್ತು ಏನೂ ಆಗಲ್ಲ. ಕಂಬದ ಹತ್ತಿರ ಬಂದು ಕ್ರಾಸ್ ಆರ್ಮ್, ಅಂದ್ರೆ ತಂತಿ ಹೊತ್ತ ಅಡ್ಡಪಟ್ಟಿ, ಮುಟ್ಟಿದ್ರೆ ಮುಗೀತು. ಫೀಡರೂ ಟ್ರಿಪ್, ಕರೆಂಟ್ ಹೋಗುತ್ತೆ. ಆಗ ತೊಂದರೆ ಎಲ್ಲಿ ಅಂತ ಹುಡುಕುತ್ತಾ ಲೈನುದ್ದಕ್ಕೂ ಪೆಟ್ರೋಲಿಂಗ್ ಹೋಗೋದೂ ನಾವೇ ಅಲ್ವಾ?

ಈಗ ಬಳ್ಳಿ ಗೋಜಲು ಇದ್ದ ಕಡೆ ದೋಟಿ ಹಾಕೋಕೆ ಮೊದಲು ತಲೆ ಎತ್ತಿ ನೋಡಿ ಅಂತ ಗ್ಯಾಂಗಿಗೆ ಹೇಳಿದ್ದೇನೆ. ಎಲ್‌ಸಿ ತಡವಾಗಿದ್ದಕ್ಕೆ ನಾನು ಬರೆದುಕೊಟ್ಟ ಕಾರಣವನ್ನು ಸಾಹೇಬ್ರು ಮಾತ್ರ ಇನ್ನೂ ಒಪ್ಪಿಲ್ಲ.